ಚಿತ್ರ ತೆಗೆದು ದನಿ ಉಳಿಸಿದ್ದು

ಸಾಲಿಮಾ, ಮಲಾವಿ
೨೧ ಆಗಸ್ಟ್ ೨೦೧೬

ಟಿಯಮಿಕೆಯ ಅಮ್ಮನಿಗೆ, ನನ್ನ ಜಿಯೋನೆಗೆ,

ನಾವಿಲ್ಲಿ ಚೆನ್ನಾಗಿ ಎದ್ದಿದ್ದೇವೆ, ನೀನು ಹೇಗೆ ಎದ್ದೆಯೋ ತಿಳಿಯದು. ವಿಡಿಯೊ ಕಳಿಸಿ ಇಷ್ಟು ದಿನವಾದರೂ ಇವನು ಉತ್ತರವನ್ನೇ ಕೊಡಲಿಲ್ಲವಲ್ಲ ಎಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ನಿನಗೆ ಆ ಹಕ್ಕಿದೆ. ಫೋನಿನಲ್ಲಿ ಮಾತಾಡೋಣವೆಂದರೆ ಅಂಗಡಿಯಲ್ಲಿ ಸದಾ ಯಾರಾದರೂ ಕಿವಿ ನೆಟ್ಟು ಕೂತಿರುತ್ತಾರೆ, ಮನೆಯಲ್ಲಿ ಸಿಗ್ನಲ್ ಇಲ್ಲ. ಅದಕ್ಕೇ ಈ ಕಾಗದ. ಜೊಹಾನ್ಸ್‌ಬರ್ಗಿನ ಬಸ್ಸಿನ ಕಂಡಕ್ಟರ್ ನಿನ್ನ ಕೈಗೇ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಜೊತೆಗೆ ಒಣಗಿಸಿದ ಉಸಿಪಾ ಮೀನು ಇದೆ. ವಾಸನೆಗೆ ನಿನ್ನ ಯಜಮಾನಿ ಮನೆಬಿಟ್ಟು ಓಡಿದರೆ ನನ್ನನ್ನು ಬೈಯಬೇಡ.

ಮೊದಲು ಮಗಳ ಸುದ್ದಿ. ಟಿಯಮಿಕೆಗೆ ಮುಂದಿನ ಹಲ್ಲು ಬಿದ್ದಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಥೇಟು ನಿನ್ನ ಹಾಗೆ. ಮೊನ್ನೆ ತಾನೇ ನ್ಸೀಮಾ ಮುದ್ದೆ ತಿರುವುತ್ತೇನೆಂದು ಹಟ ಹಿಡಿದಳು. ಹಿಟ್ಟೆಲ್ಲ ಗಂಟು ಗಂಟು. ಎರಡು ಸಲ ಹಾಕಿಸಿಕೊಂಡು ತಿಂದೆ. 'ಅಪ್ಪಾ, ನಿಜ ಹೇಳು, ಚೆನ್ನಾಗಿಲ್ಲ ಅಲ್ವಾ?' ಎಂದಳು. 'ನಿಮ್ಮಮ್ಮ ಮೊದಲನೇ ಸಲ ಮಾಡಿದ್ದಕ್ಕಿಂತ ಎಷ್ಟೋ ವಾಸಿ ಕಣೇ' ಎಂದೆ. ಅದಂತೂ ಸುಳ್ಳಲ್ಲ.

ಸರೋವರದ ಮೇಲೆ ತೆಂಕಣ ಗಾಳಿ ಎದ್ದಿದೆ, ದೋಣಿಗಳು ದಡ ಬಿಟ್ಟಿಲ್ಲ. ಹಾಗಾಗಿ ಊರಿನ ಮೀನುಗಾರರೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆ. ಎಲ್ಲಿಂದಲೋ ವಿಡಿಯೊ ತರುತ್ತಾರೆ, ಚಿತ್ರ ತೆಗೆದುಹಾಕಿ ಹಾಡು ಮಾತ್ರ ಫೋನಿನ ಕಾರ್ಡಿಗೆ ಹಾಕಿ ಕೊಡು ಎನ್ನುತ್ತಾರೆ. 'ದೋಣೀಲಿ ಬಲೆ ಎಳೀತಾ ಕುಣಿತ ನೋಡ್ಕೊಂಡು ಕೂತ್ಕೊಳಕ್ಕಾಗತ್ತಾ? ಹಾಡು ಸಾಕಪ್ಪ. ಉಸಿಪಾ ಮೂಟೆ ಹೆಂಗೆ ತುಳಿದು ತುಂಬ್ತೀವೋ ಹಂಗೆ ತುಂಬು!' ನಾನೂ ತುಳಿದು ತುಂಬುತ್ತೇನೆ. ಚಿತ್ರ ಕಳೆದ ಮೇಲೆ ಉಳಿದ ದನಿಯನ್ನು ಹಿಂಡಿ ಹಿಂಡಿ ಚಿಕ್ಕದು ಮಾಡುತ್ತೇನೆ. ಹಿಂಡುವಾಗ ಕಂಪ್ಯೂಟರ್ ಮೊದಲು ಬಿಸಾಡುವುದು ಮೆಲ್ಲಗಿನ ಸದ್ದುಗಳನ್ನು. ಹಾಡುವವಳು ನಡುವೆ ಉಸಿರು ಎಳೆದುಕೊಳ್ಳುವುದು, ಬಟ್ಟೆಯ ಸರಬರ, ಇವೆಲ್ಲ ಹೋಗುತ್ತವೆ. ಡೋಲು, ಕೂಗಾಟ ಉಳಿಯುತ್ತವೆ. ಮೀನುಗಾರರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಈಗ ಬೇಡದ ಸುದ್ದಿ. ನಿನ್ನ ಸೋದರಮಾವ ಗ್ರೆಸಿಯಾನೊ ಬಂದಿದ್ದರು. ಅವರು ಬಂದರೆ ಅಂಗಡಿಗೆ ಬರುವುದಿಲ್ಲ, ಸೀದಾ ನಮ್ಮ ಜಗಲಿಗೇ ಬರುತ್ತಾರೆ. ಅಲ್ಲಿ ಕೂತು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರೆಂದರೆ ಮಾತು ಮನೆತನದ್ದು ಎಂದು ತಿಳಿಯಬೇಕು.

'ಏನಪ್ಪಾ ಅಳಿಯ, ಹೆಂಡ್ತಿ ಊರಲ್ಲಿ ಹೆಂಡ್ತೀನೇ ಇಲ್ದೆ ಕೂತಿರೋ ಗಂಡಸಿಗೆ ಏನಂತಾರೆ? ನೀನೇ ಒಂದು ಹೆಸರಿಡು' ಎಂದರು.

'ಅಂಗಡಿ ಲಿಂಬಿಕಾನಿ ಅಂತಾರೆ ಮಾವ' ಎಂದೆ. ಅವರು ನಗಲಿಲ್ಲ.

'ಅವಳು ಹೋಗಿ ಎರಡು ವರ್ಷ ಆಯ್ತು. ಈ ಮನೆ ಅವಳದು, ಹೊಲ ಅವಳದು, ಮಗು ನಮ್ಮ ತಾಯಿ ಕಡೇದು. ನೀನು ಅವಳ ಕೈ ಹಿಡ್ಕೊಂಡು ಈ ಊರಿಗೆ ಬಂದೋನು. ಆ ಕೈಯೇ ಇಲ್ಲ ಈಗ. ಕ್ರಿಸ್‌ಮಸ್‌ಗೆ ಬಂದ್ರೆ ಸರಿ, ಬರಲಿಲ್ಲ ಅಂದ್ರೆ ನಿನ್ನ ಕಂಪ್ಯೂಟರ್ ಕಟ್ಕೊಂಡು ನಿಮ್ಮಮ್ಮನ ಊರಿಗೆ ಹೊರಡು. ಟಿಯಮಿಕೆ ಇಲ್ಲೇ ಇರ್ತಾಳೆ.'

ಅವರ ಮೇಲೆ ನನಗೆ ಸಿಟ್ಟಿಲ್ಲ. ನಾಳೆ ನನ್ನ ತಂಗಿಯ ಗಂಡನಿಗೆ ನಾನೂ ಹೀಗೇ ಹೇಳಬೇಕಾದೀತು. ಆದರೆ ಟಿಯಮಿಕೆಯನ್ನು ಬಿಟ್ಟು ಹೋಗುವುದು ನನ್ನಿಂದಾಗದು ಜಿಯೋನೆ. ನೀನು ಬಂದೇ ಬರುತ್ತೀಯೆಂದು ಆವತ್ತು ಎದೆ ತಟ್ಟಿ ಹೇಳಿಬಿಟ್ಟೆ. ಅದಾದ ಮೂರನೆಯ ದಿನಕ್ಕೆ ನಿನ್ನ ವಿಡಿಯೊ ಬಂತು. ಈ ಕ್ರಿಸ್‌ಮಸ್‌ಗೂ ರಜೆ ಸಿಗುವುದಿಲ್ಲ, ನನಗಾಗಿ ಕಾಯಬೇಡಿ ಎಂದಿದ್ದೀಯ.

ನಿನ್ನ ತಾಯಿಯ ಬಟನ್ ಫೋನಿನಲ್ಲಿ ವಿಡಿಯೊ ಓಡುವುದಿಲ್ಲವಲ್ಲ, ಅವರಿಗಾಗಿ ನಿನ್ನ ಮಾತನ್ನಷ್ಟೇ ತೆಗೆದು ಕಾರ್ಡಿಗೆ ಹಾಕಿದೆ. ಮೀನುಗಾರರ ಹಾಡಿನಂತೆ ಹಿಂಡಲಿಲ್ಲ. ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟೆ. ನೀನು ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ್ದು, ಬಾಲ್ಯದ ಹಾಡು ಗುನುಗಿದ್ದು, ಒಲೆಯ ಮೇಲೆ ಏನೋ ಉಕ್ಕಿತೆಂದು ಎದ್ದು ಹೋಗಿ ಬಂದದ್ದು, ಯಾವುದನ್ನೂ ಕತ್ತರಿಸಲಿಲ್ಲ. ಅತ್ತೆ ಅಳಿಯ ಎದುರೆದುರು ಕೂರುವ ಹಾಗಿಲ್ಲವಲ್ಲ, ಟಿಯಮಿಕೆಯ ಕೈಯಲ್ಲಿ ಕೊಟ್ಟು ಕಳಿಸಿದೆ. ಅವತ್ತಿನಿಂದ ನಿನ್ನ ತಾಯಿ ಫೋನನ್ನು ಎದೆಯ ಮೇಲಿನ ಬಟ್ಟೆಗೆ ಗಂಟು ಹಾಕಿಕೊಂಡೇ ಇರುತ್ತಾರೆ. ಜೋಳ ಕುಟ್ಟುವಾಗ ನೀನು ಮಾತಾಡುತ್ತಿರುತ್ತೀಯ, ನೀರು ಹೊರುವಾಗಲೂ ಮಾತಾಡುತ್ತಿರುತ್ತೀಯ. ನಡುವೆ ಅವರು ನಿನಗೆ ಉತ್ತರವನ್ನೂ ಕೊಡುತ್ತಾರಂತೆ. ಬೇಲಿಯಾಚೆಯಿಂದ ನಿನ್ನ ದನಿ ಕೇಳಿ ನಾನು ಎಷ್ಟೋ ಸಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಿದ್ದೇನೆ. ಆಮೇಲೆ ಸುಮ್ಮನೆ ಕೂರುತ್ತೇನೆ.

ಚರ್ಚಿನ ಹಾಡುವ ಹೆಂಗಸರು ಸುಮ್ಮನಿರುತ್ತಾರೆಯೇ? ನಿನ್ನ ಗೆಳತಿ ನಾಂಬೆವೆ ಅಷ್ಟೂ ಜನರನ್ನು ಕಟ್ಟಿಕೊಂಡು ಬಂದಳು. 'ದನಿ ಕೇಳಿದ್ವಿ, ಮುಖ ತೋರ್ಸು. ಜೊಹಾನ್ಸ್‌ಬರ್ಗ್ ಗಾಳಿಗೆ ದಪ್ಪ ಆಗಿದ್ದಾಳೋ ಸಣ್ಣ ಆಗಿದ್ದಾಳೋ ನೋಡ್ಬೇಕು' ಎಂದಳು. ಚಿತ್ರ ಕೆಟ್ಟು ಬಂದಿದೆ, ಬರೀ ಕಪ್ಪು ಕಾಣುತ್ತದೆ ಎಂದೆ. 'ಅಯ್ಯೋ, ಹೆಂಡ್ತಿ ಮುಖಾನ ನಾವೇನು ತಿಂದ್ಬಿಡ್ತೀವಾ? ಬೀಗ ಹಾಕಿ ಇಟ್ಕೊಂಡಿದ್ದಾನೆ ನೋಡ್ರೇ!' ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಸೋದರಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಗಡಿಯ ಟೀವಿಗೆ ಹಾಕು, ನಮ್ಮ ಹುಡುಗಿ ಹೇಗಿದ್ದಾಳೆಂದು ಊರೇ ನೋಡಲಿ ಎಂದು ಹೇಳಿ ಕಳಿಸಿದರು. ಅವರಿಗೂ ಅದೇ ಸುಳ್ಳು. ಚಿತ್ರ ಸರಿಯಾಗಿಯೇ ಬಂದಿದೆ. ನಾನು ನೋಡಿದ್ದೇನೆ, ಬೇರೆ ಯಾರೂ ನೋಡಿಲ್ಲ.

ನೀನಿಲ್ಲದೆ ದಿನ ಹೇಗೆ ಕಳೆಯುತ್ತದೆ ಎಂದು ವಿಡಿಯೊದಲ್ಲಿ ಕೇಳಿದ್ದೀಯ. ಹಗಲು ಪರವಾಗಿಲ್ಲ, ಅಂಗಡಿಯಲ್ಲಿ ಗಲಾಟೆ ಇರುತ್ತದೆ. ಸಂಜೆ ಕೆಟ್ಟದ್ದು. ನೀನು ಸ್ನಾನ ಮಾಡಿ ಹೊಸ್ತಿಲಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಹೊತ್ತು ಅದು. ಈಗ ಆ ಹೊಸ್ತಿಲನ್ನು ದಾಟುವಾಗ ಒಂದು ಪಕ್ಕಕ್ಕೆ ಸರಿದೇ ದಾಟುತ್ತೇನೆ, ಯಾರೋ ಕೂತಿದ್ದಾರೆ ಎಂಬಂತೆ. ಟಿಯಮಿಕೆ ನೋಡಿ ನಗುತ್ತಾಳೆ. ನಿನ್ನನ್ನು ಹೋಗಲು ಬಿಟ್ಟಾಗ ಒಂದು ವರ್ಷ ಎಂದಿದ್ದೆ, ಮನೆಗೆ ತಗಡು ಹೊದಿಸುವಷ್ಟು ಆದರೆ ಸಾಕು ಎಂದಿದ್ದೆ. ತಗಡು ಬಂತು. ಅದರ ಕೆಳಗೆ ನೀನಿಲ್ಲ.

ಚಳಿಗೆ ಕಿವಿ ಮುಚ್ಚಿಕೋ. ಭಾರ ಎತ್ತಬೇಡ, ಬೇರೆಯವರ ಮನೆಯ ಕೆಲಸ ಎಂದಿಗೂ ಮುಗಿಯುವುದಿಲ್ಲ. ಹೊತ್ತು ಹೊತ್ತಿಗೆ ತಿನ್ನು. ದೇವರು ನಿನ್ನ ದಾರಿಯಲ್ಲಿ ಮುಂದೆ ನಡೆಯಲಿ, ನೀನು ಮಲಗಿದ ಕಡೆ ಕಾವಲು ಕೂರಲಿ. ಮಗಳು ನಿನಗೆ ಮುತ್ತು ಕಳಿಸಿದ್ದಾಳೆ, ಹಲ್ಲಿಲ್ಲದ ಮುತ್ತು.

ನಿನ್ನವನೇ,
ಟಿಯಮಿಕೆಯ ಅಪ್ಪ
ಲಿಂಬಿಕಾನಿ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನೀನು ಮೇಜಿನ ಹಿಂದೆ ಕೂತು ಮಾತಾಡಿದೆ, ಮೇಜು ಎಲ್ಲವನ್ನೂ ಮುಚ್ಚುತ್ತದೆ ಎಂದುಕೊಂಡೆ. ಒಲೆಯ ಮೇಲೆ ಉಕ್ಕಿದಾಗ ಫೋನು ಓಡುತ್ತಿರುವುದನ್ನು ಮರೆತು ನೀನು ಎದ್ದೆ. ನಾನು ನಿನ್ನ ಹೊಟ್ಟೆ ನೋಡಿದೆ ಜಿಯೋನೆ. ಆರು ತಿಂಗಳಾದರೂ ಆಗಿರಬೇಕು. ಚಿತ್ರ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದ್ದು ಇದಕ್ಕೇ.

ಆದರೂ ಮುಚ್ಚಿಡಲು ಆಗಲಿಲ್ಲ. ನಿನ್ನೆ ನಿನ್ನ ತಾಯಿ ಅಂಗಡಿಗೆ ಬಂದರು, ಈ ಹತ್ತು ವರ್ಷದಲ್ಲಿ ಮೊದಲನೇ ಸಲ. ನನಗೆ ಬೆನ್ನು ಮಾಡಿ, ರಸ್ತೆ ನೋಡುತ್ತ ಕೂತರು. 'ಅಳಿಯಂದ್ರೇ, ಅವಳು ಕುರ್ಚಿಯಿಂದ ಏಳೋ ಸದ್ದು ಕೇಳ್ದೆ. ಒಂದು ಉಸಿರು ಬಿಟ್ಲು ನೋಡಿ, ಅದು ಒಬ್ಬಳೇ ಏಳೋ ಉಸಿರಲ್ಲ. ಹೆತ್ತೋಳಿಗೆ ಗೊತ್ತಾಗಲ್ವಾ? ಚಿತ್ರ ಕೆಟ್ಟಿಲ್ಲ ತಾನೇ?' ಎಂದರು. ಮೀನುಗಾರರ ಹಾಡಿನಂತೆ ಹಿಂಡಿ ಕೊಟ್ಟಿದ್ದರೆ ಆ ಉಸಿರು ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಬಾರದಿತ್ತು. 'ನನ್ನ ಮಗಳು ಹೆತ್ತದ್ದು ನನ್ನ ಮೊಮ್ಮಗು, ಅದರಲ್ಲಿ ಮಾತಿಲ್ಲ. ನಿಮಗೆ ಏನು ಹೇಳ್ಬೇಕು ಅನ್ನೋದೇ ತಿಳೀತಿಲ್ಲ ನಂಗೆ' ಎಂದು ತಿರುಗಿ, ರೂಢಿಯನ್ನು ಬದಿಗಿಟ್ಟು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ.

ಸಿಟ್ಟು ಬರಲಿಲ್ಲವೇ ಎಂದರೆ, ಬಂತು. ಕಂಪ್ಯೂಟರ್ ಒಡೆದು ಹಾಕುವಷ್ಟು ಬಂತು. ಆಮೇಲೆ ಸದ್ದು ಪೂರ್ತಿ ಇಳಿಸಿ ಇನ್ನೊಮ್ಮೆ ಚಿತ್ರ ನೋಡಿದೆ. ಟಿಯಮಿಕೆ ಹೊಟ್ಟೆಯಲ್ಲಿದ್ದಾಗ ನೀನು ಏಳುವಾಗಲೆಲ್ಲ ನೋಡದೆಯೇ ಎಡಗೈ ಚಾಚುತ್ತಿದ್ದೆ, ಅಲ್ಲಿ ನಾನಿರುತ್ತಿದ್ದೆ. ಈ ಸಲವೂ ನೀನು ಹಾಗೆಯೇ ಚಾಚಿದೆ. ಅಲ್ಲಿ ಯಾರೂ ಇರಲಿಲ್ಲ, ಗೋಡೆ ಹಿಡಿದುಕೊಂಡೆ.

ಅವನು ಯಾರು, ಎಲ್ಲಿದ್ದಾನೆ, ನಾನು ಕೇಳುವುದಿಲ್ಲ. ಊರಿಗೆ ಬಾ. ಹುಟ್ಟುವ ಮಗುವಿಗೆ ಇಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ, ಅದು ನಿನ್ನ ತಾಯಿಯ ಮನೆಯದು. ಅಪ್ಪಣೆ ಬೇಕಾಗಿರುವುದು ನನಗೆ. ಇಲ್ಲೇ ಇರಲೋ, ಹೊರಡಲೋ, ನೀನೇ ಹೇಳು.