‘ಏನೂ ತೊಂದರೆ ಇಲ್ಲ’ ಎಂದವರ ಪರವಾಗಿ

ಸರ್ವೆಗೆ ಬಂದಿದ್ದ ಮಗಳಿಗೆ,

ಹಾಗಾದರೆ ಅರವತ್ತು ದಾಟಿದವನು ಕಲಿಯುವುದಿಲ್ಲ, ಕಲಿತರೂ ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ಅಂತಲೇ ಆಯಿತಲ್ಲ? ನಿನ್ನೆ ನಮ್ಮ ಮಾತು ಅಲ್ಲಿಗೇ ನಿಂತಿತು. ನೀನು ನಗುತ್ತಲೇ, “ನಿಮ್ಮ ವಯಸ್ಸು ನಮ್ಮ ಸ್ಯಾಂಪಲ್‌ಗೆ ಬರಲ್ಲ ಅಂಕಲ್, ಬೇಜಾರು ಮಾಡ್ಕೋಬೇಡಿ” ಅಂದೆ. ಮಾಡಿಕೊಂಡೆ. ಮನೆಗೆ ಹೋಗಿ ಊಟಕ್ಕೆ ಕೂತಾಗಲೂ ಗೋಡೆಗೆ ಮುಖ ಮಾಡಿ ನಿನಗೇ ಉತ್ತರ ಕೊಡುತ್ತಿದ್ದೆ. ಹೆಂಡತಿ ಇದ್ದಿದ್ದರೆ, “ಮೊದಲು ಬಾಯಲ್ಲಿರೋದು ನುಂಗಿ, ಆಮೇಲೆ ಬೈಯಿರಿ” ಅನ್ನುತ್ತಿದ್ದಳು. ಅವಳಿಲ್ಲ. ಅದಕ್ಕೇ ಕಾಗದ.

ಉತ್ತರ ಕೊಟ್ಟವರಿಗೆಲ್ಲ ಒಂದೊಂದು ಪೆನ್ನು ಹಂಚಿದೆಯಲ್ಲ, ನನ್ನ ಉತ್ತರ ಬೇಡದಿದ್ದರೂ ನನಗೂ ಒಂದು ಕೊಟ್ಟೆ. ಅದರಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನ ವಿಳಾಸ ಅದರ ಮೈಮೇಲೇ ಇದೆ. ಆಗಾಗ ಝಾಡಿಸದಿದ್ದರೆ ಮೂಡುವುದಿಲ್ಲ. ಇರಲಿ, ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು.

‘ವಿತ್ ರೆಫರೆನ್ಸ್ ಟು ಯುವರ್ ಸರ್ವೆ, ಐ ಬೆಗ್ ಟು ಸ್ಟೇಟ್’ ಅಂತ ಶುರು ಮಾಡೋಣ ಅಂದುಕೊಂಡಿದ್ದೆ. ಅದರ ಮುಂದಕ್ಕೆ ಬಂಡಿ ಹೊರಡಲಿಲ್ಲ. ನನಗೆ ಕಾಲೇಜಿನಲ್ಲಿ ಕಲಿಸಿದ ಇಂಗ್ಲಿಷಿನಲ್ಲಿ ಬೇಡಿಕೊಳ್ಳುವುದಕ್ಕೆ ಬೇಕಾದಷ್ಟು ಮಾತಿದ್ದವು, ಬೈಯುವುದಕ್ಕೆ ಒಂದೂ ಇರಲಿಲ್ಲ. ಹಾಗಾಗಿ ಮನೆಮಾತಿನಲ್ಲೇ ಬರೆಯುತ್ತೇನೆ.

ನಿನ್ನ ಪ್ರಶ್ನೆಗಳು ಕೆಟ್ಟವಲ್ಲ ತಾಯಿ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ದುಡ್ಡಿಲ್ಲದೆ ಕಲಿಯಲಿ ಅಂತ ಪಾಠಗಳನ್ನು ಇಟ್ಟಿದ್ದಾರೆ. ಜನ ಅವನ್ನು ಯಾಕೆ ಬಳಸುತ್ತಾರೆ, ಬಳಸುವುದಕ್ಕೆ ಏನು ಅಡ್ಡಿ? ಕೇಳಬೇಕಾದದ್ದೇ. ನೀನು ಕೇಳಿದ ರೀತಿಗೆ ನನ್ನ ಸಿಟ್ಟು. ನಮ್ಮವರು ಉತ್ತರ ಕೊಟ್ಟ ರೀತಿಗೆ ಅದಕ್ಕಿಂತ ಹೆಚ್ಚು.

ನಮ್ಮ ವಾಚನಾಲಯದಲ್ಲಿ ಕಂಪ್ಯೂಟರ್ ಪಕ್ಕ ಒಬ್ಬಳು ಸಹಾಯಕಿ ಇದ್ದಾಳಲ್ಲ, ದಪ್ಪ ಕನ್ನಡಕದವಳು, ಅವಳನ್ನು ನಾವೆಲ್ಲ ಕುರ್ಚಿಯಕ್ಕ ಅನ್ನುತ್ತೇವೆ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ಅಕ್ಕನೇ. ಯಾರು ಪಾಠಕ್ಕೆ ಕೂತರೂ ತನ್ನ ಕುರ್ಚಿ ಎಳೆದುಕೊಂಡು ಪಕ್ಕ ಬಂದು ಕೂರುತ್ತಾಳೆ. ಮಹಾ ಪಂಡಿತೆಯಲ್ಲ. ಬಾಯಿ ಜೋರು. ಮೌಸ್ ಹಿಡಿಯುವುದು ಬಾರದವರಿಗೆ “ಅದೇನು ಹಲ್ಲೀನಾ, ಹಂಗೆ ಅಮುಕ್ತೀರಲ್ಲ” ಅಂತ ನಾಲ್ಕು ಜನರ ಎದುರೇ ಕೇಳುತ್ತಾಳೆ. ಆದರೆ ಎದ್ದು ಹೋಗುವುದಿಲ್ಲ.

ನೀನು ಬಂದವಳೇ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಜನ ಮುಲಾಜಿಲ್ಲದೆ ಮಾತಾಡಲಿ ಅಂತ ಅವಳನ್ನು ಹೊರಗೆ ಕಳಿಸಿದೆ. ಅವಳು ಕಬ್ಬಿಣದ ಮೆಟ್ಟಿಲ ಮೇಲೆ ಫೋನು ಹಿಡಿದುಕೊಂಡು ಕೂತಳು.

ಒಳಗೆ ನಾಟಕ ಶುರುವಾಯಿತು. ನಮ್ಮ ವೈರ್‌ಮನ್ ಇದ್ದಾನಲ್ಲ, ನೀನು ಮೊದಲು ಕೇಳಿದ್ದು ಅವನನ್ನೇ, ನೀನು ಬರುವ ಮೊದಲೇ ಮೇಲಿನಿಂದ ಇನ್‌ಸ್ಪೆಕ್ಷನ್ ಬರುತ್ತಿದೆ ಅಂತ ಎಲ್ಲರ ಕಿವಿಯಲ್ಲೂ ಊದಿದ್ದ. “ಯಾರೂ ಕಂಪ್ಲೇಂಟ್ ಹೇಳ್ಬೇಡಿ, ಅಕ್ಕನ ಕೆಲಸಕ್ಕೆ ಕುತ್ತು ಬರುತ್ತೆ” ಅಂತ ಕಟ್ಟಪ್ಪಣೆ. ನೀನು ಅಡ್ಡಿ ಏನು ಅಂತ ಕೇಳಿದೆ. ಅವನು ಕೈಕಟ್ಟಿ ನಿಂತು, “ಏನೂ ತೊಂದರೆ ಇಲ್ಲ ಮೇಡಂ, ಎಲ್ಲಾ ಫಸ್ಟ್‌ಕ್ಲಾಸು” ಅಂದ. ಹೊಲಿಗೆಯಂಗಡಿಯವಳೂ ಅದನ್ನೇ ಅಂದಳು. ಯಾರ ಸಹಾಯವಾದರೂ ಬೇಕಾಗುತ್ತದಾ ಅಂತ ಕೇಳಿದೆ. “ಛೇ ಛೇ, ನಾವೇ ಮಾಡ್ಕೋತೀವಿ” ಅಂದಳು. ನೀನು ಕೈಯಲ್ಲಿದ್ದ ಹಲಗೆಯಂಥ ಟ್ಯಾಬಿನಲ್ಲಿ ಸಂತೋಷವಾಗಿ ಒತ್ತಿಕೊಂಡೆ, ಪೆನ್ನು ಕೊಟ್ಟೆ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ವಯಸ್ಸು ಕೇಳಿದೆ.

ಈಗ ನಿಜ ಕೇಳು. ಪಾಠ ಪುಕ್ಕಟೆಯೇ. ಆದರೆ ಎಲ್ಲಿಗೆ ನಿಲ್ಲಿಸಿದೆವು ಅಂತ ಅದು ನೆನಪಿಟ್ಟುಕೊಳ್ಳಬೇಕಾದರೆ ಖಾತೆ ಬೇಕು, ಪ್ರತಿ ಸಲ ಖಾತೆ ತೆರೆಯಲು ಫೋನಿಗೊಂದು ಅಂಕಿ ಬರಬೇಕು. ಹೊಲಿಗೆಯವಳ ಮನೆಗಿರುವುದು ಒಂದೇ ಫೋನು, ಅದು ಗಂಡನ ಜೇಬಿನಲ್ಲಿ ಊರೆಲ್ಲ ಸುತ್ತುತ್ತದೆ. ಅಂಗಡಿಯ ಲೆಕ್ಕ ತಾನೇ ಬರೆಯಬೇಕು ಅಂತ ಅವಳು ಕಲಿಯುತ್ತಿರುವುದು ಅವನಿಗೆ ಗೊತ್ತಾಗುವುದೂ ಅವಳಿಗೆ ಬೇಡ. ವೈರ್‌ಮನ್‌ಗೆ ಸ್ವಂತ ಫೋನಿದೆ, ಆದರೆ ಅದು ಸದಾ ಅವನ ಕೈಕೆಳಗಿನ ಹುಡುಗರ ಕೈಯಲ್ಲಿ. ವೈರಿಂಗ್ ನಕ್ಷೆ ಓದುವುದು ಮೇಸ್ತ್ರಿಗೇ ಬಾರದು ಅಂತ ಅವರಿಗೆ ತಿಳಿದರೆ ಮಾನ ಉಳಿಯುತ್ತದೆಯೇ? ಅದಕ್ಕೇ ಎಲ್ಲರೂ ಕುರ್ಚಿಯಕ್ಕನ ನಂಬರು ಕೊಟ್ಟಿದ್ದಾರೆ. ಅರ್ಧ ಬೀದಿಯ ಪಾಠ ಅವಳ ಫೋನಿನಲ್ಲಿದೆ. ಅದು ಟಿಣ್ ಅಂದಾಗ ಅವಳು ಅಂಕಿ ಕೂಗುತ್ತಾಳೆ, ಇವರು ಒತ್ತುತ್ತಾರೆ, ಪಾಠ ತೆರೆಯುತ್ತದೆ. ಇದು ನಿಯಮಕ್ಕೆ ಸರಿಯೋ ತಪ್ಪೋ ನನಗೆ ತಿಳಿಯದು. ಬರೆಯಲೇ ಅಂತ ಅವಳನ್ನೇ ಕೇಳಿದೆ. “ಬರೀರಿ, ಇನ್ನೇನು ಉಳಿದಿದೆ ಹೋಗೋಕೆ” ಅಂದಳು.

ನಿನ್ನೆ ಅವಳು ಹೊರಗೆ ಕೂತಷ್ಟು ಹೊತ್ತು ಒಳಗೆ ಒಂದೇ ಒಂದು ಪಾಠ ತೆರೆಯಲಿಲ್ಲ ಮಗಳೇ. ಇದ್ದ ಪರದೆಗಳೆಲ್ಲ ಅಂಕಿ ಹಾಕಿ, ಅಂಕಿ ಹಾಕಿ ಅಂತ ಕಾಯುತ್ತಿದ್ದವು. ನೀನು ಅವಕ್ಕೆ ಬೆನ್ನು ಹಾಕಿ ನಿಂತು, ಅಡ್ಡಿ ಏನು ಅಂತ ಕೇಳುತ್ತಿದ್ದೆ. ಹೊಟ್ಟೆ ಉರಿಯುವುದಿಲ್ಲವೇ?

ಇವತ್ತು ಬೆಳಿಗ್ಗೆ ಅವಳಿಗೆ ಮೇಲಿನವರಿಂದ ಹೇಳಿಕೆ ಬಂದಿದೆ. ಎಲ್ಲಿ ಜನ ತಾವೇ ಸಲೀಸಾಗಿ ಕಲಿಯುತ್ತಾರೆಂದು ನಿಮ್ಮ ಸರ್ವೆಯಿಂದ ತಿಳಿಯುತ್ತದೋ ಅಲ್ಲಿ ಸಹಾಯಕಿ ಬೇಡ, ತಿಂಗಳ ಕೊನೆಗೆ ಕುರ್ಚಿ ಖಾಲಿ ಮಾಡಬೇಕು. ಇದು ನಿನಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿರಲಿಲ್ಲ ಅಂತಲೇ ಅಂದುಕೊಳ್ಳುತ್ತೇನೆ, ನಿನ್ನ ನಗುವಿನಲ್ಲಿ ಕಪಟ ಕಾಣಲಿಲ್ಲ. ವೈರ್‌ಮನ್ ಕೇಳಿದವನೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಊರಿನ ಬಾಯಿಗೆಲ್ಲ ಬೀಗ ಹಾಕಿಸಿ ಕೊನೆಗೆ ಅಕ್ಕನ ಕುರ್ಚಿಗೇ ಕುತ್ತು ತಂದೆಯಲ್ಲೋ ಅಂತ ಬೈದೆ. “ಒಳ್ಳೇದೇ ಹೇಳಿದ್ವಲ್ಲಣ್ಣ, ಒಳ್ಳೇದು ಹೇಳಿದ್ರೂ ಕಿತ್ಕೊಳ್ತಾರಾ” ಅಂದ. ಅದಕ್ಕೆ ಉತ್ತರ ನಿನ್ನ ಹತ್ತಿರ ಇದ್ದರೆ ಅವನಿಗೊಂದು ಸಾಲು ಬರೆ.

ಇನ್ನು ಕಲಿಯುವುದಕ್ಕೆ ಪ್ರೇರಣೆ ಏನು ಅಂತ ಕೇಳುತ್ತಿದ್ದೆ. ಉದ್ಯೋಗ, ಪರೀಕ್ಷೆ, ಹವ್ಯಾಸ, ಇತರೆ ಅಂತ ಓದುತ್ತಿದ್ದೆ. ನಾನು ಇತರೆ.

ನನ್ನ ಹೆಂಡತಿ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿದವಳು. ಜೀವಮಾನವಿಡೀ ಬೇರೆಯವರ ಮಾತ್ರೆಗಳನ್ನು ಡಬ್ಬಿಗೆ ತುಂಬಿದಳು. ಅವಳ ಮೂತ್ರಪಿಂಡ ಕೆಟ್ಟಾಗ ಡಾಕ್ಟರುಗಳು ಅವಳ ಹಾಸಿಗೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು, ಅವಳ ಮೇಲಿಂದಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ನನ್ನ ಅರ್ಧಂಬರ್ಧ ಇಂಗ್ಲಿಷಿಗೆ ಸಿಕ್ಕಿದ್ದು ‘ಅನ್‌ಫಾರ್ಚುನೇಟ್ಲಿ’ ಒಂದೇ. ಮನೆಗೆ ಬಂದ ಮೇಲೆ ಅವಳು, “ನನ್ನ ಮೈಯೊಳಗೆ ಏನು ನಡೀತಿದೆ ಅಂತ ನನಗೊಬ್ಬಳಿಗೇ ಗೊತ್ತಿಲ್ಲ, ಇದು ನ್ಯಾಯವಾ” ಅಂದಳು. ಕುರ್ಚಿಯಕ್ಕ ಹುಡುಕಿ ಕೊಟ್ಟಳು: ಮನುಷ್ಯನ ದೇಹದ ಪಾಠಗಳು, ನಮ್ಮ ಭಾಷೆಯಲ್ಲೇ. ಊದಿದ ಕಾಲು ಎಳೆದುಕೊಂಡು ಅವಳು ಆ ಕಬ್ಬಿಣದ ಮೆಟ್ಟಿಲು ಹತ್ತುತ್ತಿದ್ದಳು. ನಾನು ಹಿಂದೆ ಚೀಲ ಹಿಡಿದುಕೊಂಡು ಹೋಗುತ್ತಿದ್ದೆ. ಹೃದಯ ಮುಗಿಸಿದಳು, ಶ್ವಾಸಕೋಶ ಮುಗಿಸಿದಳು. ಡಾಕ್ಟರಿಗೆ ಅವಳು ಕೇಳಿದ ಒಂದು ಪ್ರಶ್ನೆಗೆ ಆತ ತಲೆಯೆತ್ತಿ, ಮೊದಲ ಸಲ ಅವಳ ಮುಖ ನೋಡಿದ. ಆ ದಿನ ಅವಳು ಆಸ್ಪತ್ರೆಯಿಂದ ಬಂದ ಠೀವಿ ನೋಡಬೇಕಿತ್ತು ನೀನು, ಮದುವೆಯ ದಿನವೂ ಹಾಗೆ ನಡೆದಿರಲಿಲ್ಲ.

ಮೂತ್ರಪಿಂಡದ ಪಾಠ ಅರ್ಧಕ್ಕೆ ನಿಂತಿತು.

ಅವಳ ಖಾತೆ ಹಾಗೇ ಇದೆ. ತೆರೆದರೆ ‘ನಿಲ್ಲಿಸಿದ ಕಡೆಯಿಂದ ಮುಂದುವರಿಸಿ’ ಅನ್ನುತ್ತದೆ. ಮೊದಮೊದಲು ಅವಳು ನಿಲ್ಲಿಸಿದ ಜಾಗದವರೆಗೆ ನೋಡಿ ಎದ್ದುಬಿಡುತ್ತಿದ್ದೆ. ಮೊನ್ನೆ ಮೊನ್ನೆ ದಾಟಿದೆ. ಕಾಲು ಯಾಕೆ ಊದುತ್ತದೆ ಅಂತ ಅವಳು ನನ್ನನ್ನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಮುಂದಿನ ಪಾಠದಲ್ಲಿತ್ತು. ಇನ್ನೂ ನಾಲ್ಕಾರು ಪಾಠ ಉಳಿದಿವೆ. ಅವಳ ಅಂಕಿಯೂ ಬರುವುದು ಕುರ್ಚಿಯಕ್ಕನ ಫೋನಿಗೇ. ಅಕ್ಕ ಹೋದರೆ ಆ ಬಾಗಿಲು ಮುಚ್ಚಿತು. ನನ್ನದೇ ಹೊಸ ಖಾತೆ ಮಾಡಿಕೊಳ್ಳಬಹುದು ಅನ್ನುತ್ತೀಯ, ಗೊತ್ತು. ಅದು ನನ್ನನ್ನು ಮೊದಲಿನಿಂದ ಶುರು ಮಾಡಿ ಅನ್ನುತ್ತದೆ. ನಿಲ್ಲಿಸಿದ ಕಡೆಯಿಂದ ಅನ್ನುವುದಿಲ್ಲ.

ಆದ್ದರಿಂದ ವರದಿ ಕಳಿಸುವ ಮುಂಚೆ ಇನ್ನೊಂದು ಸಲ ಬಾ. ಕೈಯಲ್ಲಿ ಆ ಹಲಗೆ ಬೇಡ, ಪ್ರಶ್ನೆ ಬೇಡ, ಪೆನ್ನಂತೂ ಬೇಡವೇ ಬೇಡ. ಕಿಟಕಿ ಪಕ್ಕ, ನಾನೀಗ ಕೂತಿರುವ ಈ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಕೂತುಕೋ. ನಮ್ಮವರು ಕೇಳಿದರೆ ಹೇಳುವವರಲ್ಲ. ಕೇಳದಿದ್ದರೆ ಎಲ್ಲ ಕಾಣುತ್ತದೆ.

ಬರೆಯುವುದು ಇನ್ನೂ ಇತ್ತು. ಆದರೆ ಬೆಳಕು ಹೋಗುತ್ತಿದೆ, ಈ ಸಾಲು ಆಗಲೇ ಸೊಟ್ಟ ಬಂದಿದೆ. ದೀಪ ಹಾಕಬೇಕಾದವಳು ಹೊಲಿಗೆಯವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಾಳೆ. ಅಗೋ, ಟಿಣ್ ಅಂತು. ಅಂಕಿ ಕೂಗುತ್ತಿದ್ದಾಳೆ. ಕತ್ತಲಲ್ಲೇ ಒತ್ತುತ್ತಿದ್ದಾರೆ.

ನೀನು ಹೋದ ಕಡೆಯೆಲ್ಲ ಜನ ನಿನಗೆ ನಿಜ ಹೇಳುವಂತಾಗಲಿ ತಾಯಿ, ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನಿನಗೂ ಸಿಗಲಿ.

ಇಂತಿ,
ನಿನ್ನ ಲೆಕ್ಕಕ್ಕೆ ಬಾರದ
ಕಿಟಕಿ ಪಕ್ಕದ ಅಂಕಲ್