ಅನುಮತಿ ಕೇಳದ ನೌಕೆ

ಕಿಶೋರ,

ನೀನು ಇದನ್ನು ಓದುವುದಿಲ್ಲ, ನಾನೂ ಕಳಿಸುವುದಿಲ್ಲ. ಸುಮ್ಮನೆ ವರದಿ.

ಇವತ್ತು ಊಟವಾದ ಮೇಲೆ, ನೀನು ಕಲಿಸುತ್ತಿದ್ದ ಆ ಬಾಹ್ಯಾಕಾಶದ ಆಟದಲ್ಲಿ ನೌಕೆಯನ್ನು ತಾನಾಗಿ ನಿಲ್ಲಿಸುವ ಫ್ಲೈಟ್ ಅಸಿಸ್ಟ್ ಆಫ್ ಮಾಡಿ ಓಡಿಸಿದೆ. ಅದು ಆಫ್ ಆದ ಮೇಲೆ ಕೈಬಿಟ್ಟರೂ ನೌಕೆ ನಿಲ್ಲುವುದಿಲ್ಲ, ಹೋಗುತ್ತಲೇ ಇರುತ್ತದೆ. ‘ನಿಲ್ಲವು ಅಂದ್ರೆ ಮೊದ್ಲೇ ಉಲ್ಟಾ ಒತ್ತವು ಮಾರಾಯಾ’ ಎಂದು ನೀನು ನೂರು ಸಲ ಹೇಳಿದ್ದೆ. ಇವತ್ತು ನಿಲ್ಲಬೇಕಾದ ಜಾಗಕ್ಕೆ ಮೊದಲೇ ಉಲ್ಟಾ ಒತ್ತಿದೆ. ನಿಲ್ದಾಣದ ಬಾಗಿಲೆದುರು ನೌಕೆ ಅಲುಗದೆ ನಿಂತಿತು. ಖುಷಿಯಾಗಬೇಕಿತ್ತು. ಏನೂ ಅನ್ನಿಸಲಿಲ್ಲ.

ನಿಧಾನಕ್ಕೆ ಒಳಗೆ ಹೋದೆ. ನಿಲ್ದಾಣದವರು ಗುಂಡು ಹೊಡೆದು ನೌಕೆಯನ್ನು ಪುಡಿ ಮಾಡಿದರು. ಒಳಗೆ ಬರುವ ಮೊದಲು ಅನುಮತಿ ಕೇಳಬೇಕಂತೆ. ಅದು ನನ್ನ ತಲೆಗೇ ಬರಲಿಲ್ಲ. ನಮ್ಮ ಶಿರಸಿ ಕಡೆ ಯಾರು ಕೇಳುತ್ತಾರೆ? ನೀನಂತೂ ಹಿತ್ತಿಲ ಬಾಗಿಲಿಂದ ಸೀದಾ ಅಡುಗೆಮನೆಗೇ ಬರುತ್ತಿದ್ದೆ. ಆಯಿ ತಿರುಗಿಯೂ ನೋಡದೆ, ‘ಆಸ್ರಿಗೆ ಎಂತ ಬೇಕು, ಮಜ್ಜಿಗೆ ಅಡ್ಡಿಲ್ಯ?’ ಎಂದು ಬಾಯಾರಿಕೆಗೆ ಕೇಳುತ್ತಿದ್ದಳು. ಹೆಜ್ಜೆ ಸಪ್ಪಳದಲ್ಲೇ ಅವಳಿಗೆ ನೀನೆಂದು ಗೊತ್ತಾಗುತ್ತಿತ್ತು.

ನಮ್ಮ ಜಗಳವಾಗಿ ಮೂರು ತಿಂಗಳ ಮೇಲೆ ನೀನು ಒಮ್ಮೆ ಬಂದೆಯಲ್ಲ, ಅವತ್ತು ಎದುರಿನ ಗೇಟಿನ ಹೊರಗೇ ನಿಂತು ‘ಒಳಗೆ ಬರ್ಲಾ?’ ಎಂದು ಕೇಳಿದೆ. ನಾನು ಜಗಲಿಯಲ್ಲೇ ಕೂತಿದ್ದೆ. ಫೋನ್ ನೋಡುತ್ತಲೇ ಇದ್ದೆ. ನೀನು ಗೇಟಿನಿಂದಲೇ ತಿರುಗಿ ಹೋದೆ.

ಸಂಜೆ ಆಟ ಮತ್ತೆ ಶುರು ಮಾಡಿದೆ. ಈ ಸಲ ನಿಲ್ದಾಣದ ಎದುರು ನಿಂತು ಅನುಮತಿ ಕೇಳಿದೆ.

ಎರಡೇ ಸೆಕೆಂಡಿಗೆ ಉತ್ತರ ಬಂತು, ಬರಬಹುದು ಎಂದು.