ಮರಿಗಳ ಮೈಯಲ್ಲಿ ಗಂಧ

ಬಾಗೂರು
೧೮ ಫೆಬ್ರವರಿ ೨೦೨೫

ಪ್ರೀತಿಯ ರೋಜಕ್ಕ,

ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಕೂಸು ಒದೆಯುತ್ತಿದೆಯಾ? ಶನಿವಾರದಿಂದ ಬರೆಯಬೇಕು ಅಂತ ಕೂತು ಕೂತು ಎದ್ದಿದ್ದೇನೆ, ಬೈಯಬೇಡ. ಮೆಸೇಜ್ ಹಾಕೋಣವೆಂದರೆ ನಿನ್ನ ಫೋನನ್ನು ಭಾವನೂ ನೋಡುತ್ತಾರೆ. ಅದಕ್ಕೇ ಕಾಗದ. ಹಿರಿಯೂರಿಗೆ ಹೊರಟಿರುವ ವೀರಮ್ಮತ್ತೆ ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಒಬ್ಬಳೇ ಇದ್ದಾಗ ಓದು. ಕೂತುಕೊಂಡು ಓದು.

ಅಪ್ಪನನ್ನು ಅರಣ್ಯದವರು ಹಿಡಿದುಕೊಂಡು ಹೋದ ಸುದ್ದಿ ನಿನಗೆ ಮುಟ್ಟಿರುತ್ತದೆ. ಹೇಗೆ ಸಿಕ್ಕಿಬಿದ್ದ ಅಂತ ಗೊತ್ತಿರಲಾರದು. ಹಿಡಿದುಕೊಟ್ಟವಳು ಅವ್ವ. ಹೌದಕ್ಕ, ನಮ್ಮ ಅವ್ವ! ಬೇಕಂತ ಅಲ್ಲ.

ನಿಮ್ಮ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುವುದು ಮುಗಿಸಿ ಅಪ್ಪ ಕುರಿ ಹೊಡೆದುಕೊಂಡು ಬರುತ್ತಿದ್ದ. ನಾನೂ ಅವ್ವನೂ ಬುತ್ತಿ ಕಟ್ಟಿಕೊಂಡು ಹೊಸದುರ್ಗದ ಆಚೆಗೇ ಎದುರು ಹೋದೆವು. ನಡೆಯಲಾರದ ಎಳೆಮರಿಗಳು ಎಂದಿನಂತೆ ಕತ್ತೆ ಮೇಲಿನ ಬುಟ್ಟಿಯಲ್ಲಿದ್ದವು. ಹಸಿದು ಒಂದೇ ಸಮನೆ ಅರಚುತ್ತಿದ್ದವು. ಅವ್ವ ಒಂದನ್ನು ಇಳಿಸಿ ಕೆಚ್ಚಲಿಗೆ ಹಿಡಿದರೆ ತಾಯಿಕುರಿ ಮೂಸಿ, ಗುಮ್ಮಿಬಿಟ್ಟಿತು. ಇನ್ನೊಂದಕ್ಕೂ ಅದೇ ಗತಿ. ತನ್ನ ಮರಿಯ ವಾಸನೆ ಸಿಗದಿದ್ದರೆ ಕುರಿ ಹಾಲು ಕೊಡುವುದಿಲ್ಲ, ನಿನಗೇನು ಹೇಳುವುದು.

"ಏನ್ ಹಚ್ಚೀಯ ಮರಿಗೆ? ಗುಡಿ ಪೂಜಾರಿ ಬಂದಂಗೆ ವಾಸ್ನೆ ಬರ್ತೈತೆ!" ಅಂದಳು ಅವ್ವ.

"ಸುಮ್ನೆ ನಡಿಯೇ, ಹೊತ್ತಾತು."

"ಅಪ್ಪ ಗಂಧದ ಸೋಪ್ ಹಾಕಿ ತಿಕ್ಕೈತೆ ಕಣವ್ವ" ಅಂತ ನಾನು ನಕ್ಕೆ. ಅಪ್ಪ ನಗಲಿಲ್ಲ.

ಮುಂದೆ ತಿರುವಿನಲ್ಲಿ ಅರಣ್ಯದವರ ಜೀಪು ನಿಂತಿತ್ತು. ಲಾರಿ, ಟೆಂಪೊ ಎಲ್ಲ ತಡೆದು ನೋಡುತ್ತಿದ್ದರು. ಗಾರ್ಡ್ ದಾಸಣ್ಣ ವರ್ಷವೂ ನಮ್ಮನ್ನು ಕಾಣುವವನು, ಕುರಿ ಸಾಕಿದ ಮನೆಯವನೇ. "ಹೋಗ್ರಿ, ಹೋಗ್ರಿ" ಅಂತ ಕೈ ಬೀಸಿದ. ಅಪ್ಪ ದಾಟಿಯೇಬಿಟ್ಟಿದ್ದ. ಅವ್ವ ಮರಿ ಎತ್ತಿಕೊಂಡು ನಿಂತಳು.

"ಏನಪ್ಪ ದಾಸಣ್ಣ, ಇದನ್ನ ವಸಿ ಮೂಸು. ತಾಯಿ ಹತ್ರಕ್ಕೇ ಸೇರಿಸ್ಕಳ್ವಲ್ದು. ಯಾವ್ದಾರ ರೋಗಾನಾ?"

ದಾಸಣ್ಣ ಮೂಸಿದ. ಮುಖದ ನಗು ಹೋಯಿತು. ಅಪ್ಪನನ್ನೊಮ್ಮೆ ನೋಡಿದ. ನಡೆದುಹೋಗಿ ಬುಟ್ಟಿಯ ಹುಲ್ಲು ಎತ್ತಿದ. ಮರಿಗಳ ಅಡಿಯಲ್ಲಿ ಗಂಧದ ತುಂಡುಗಳ ಗಂಟು!

"ಯತ್ತಪ್ಪ, ಏನೋ ಇದು?" ಅಂತ ಅಪ್ಪನನ್ನು ಕೇಳಿದ.

"ಎಲ್ಲಾ ನಂದೇ. ನಾನೇ ಕಡಿದಿದ್ದು."

ಬೇರೆಯವರ ಬೇಲಿಯ ಜಾಲಿಕಾಯನ್ನೂ ಕೇಳಿಯೇ ಕುರಿಗೆ ಉದುರಿಸುವ ಅಪ್ಪ, ಅಕ್ಕ! ಅವ್ವ ಮರಿಯನ್ನು ಎದೆಗವಚಿಕೊಂಡೇ ನಿಂತಿದ್ದಳು. ಜೀಪು ಹತ್ತುವಾಗ ಅಪ್ಪ ನನ್ನ ಕಿವಿಯಲ್ಲಿ, "ನಾಗಭೂಷಣನ ಹೆಸ್ರು ಎತ್ತಿದ್ರೆ ನನ್ನಾಣೆ. ರೋಜಾ ತುಂಬಿದ ಬಸ್ರಿ" ಅಂದ.

ಭಾವನ ಹೆಸರು ಯಾಕೆ ಬಂತು ಅಂತ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು: ಗಂಧ ಅವರದು, ಅಪ್ಪ ಹೊತ್ತು ತಂದದ್ದಷ್ಟೇ. ನಿನಗೆ ಗೊತ್ತಲ್ಲ, ನಾನು ಅವರ ಎಂಥ ಅಭಿಮಾನಿ. ಚಂದ್ರವಳ್ಳಿಯಲ್ಲಿ ಬುಲೆಟ್ ಮೇಲೆ ಕೂತ ಅವರ ಫೋಟೊ ನನ್ನ ಡಿಪಿ. ಫ್ರೆಂಡ್ಸ್‌ಗೆಲ್ಲ "ನಮ್ಮ ಭಾವ, ಮಾಸ್" ಅಂತ ಕಳಿಸಿದವಳು ನಾನು. ಸಂಜೆ ನಮ್ಮ ಮನೆಯ ಗ್ರೂಪಿನಲ್ಲಿ ಅವರ ಮೆಸೇಜ್ ಬಂತು: "ಮಾವ ಇಂಥ ಕೆಲಸ ಮಾಡ್ತಾರೆ ಅಂತ ಕನಸಲ್ಲೂ ಅಂದ್ಕಂಡಿರಲಿಲ್ಲ." ಕೆಳಗೆ ಕೈಮುಗಿದ ಚಿತ್ರ. ನಾನು ಟೈಪ್ ಮಾಡಲು ಶುರುಮಾಡುವಷ್ಟರಲ್ಲಿ ಗ್ರೂಪ್ ಬಿಟ್ಟು ಹೋಗಿದ್ದರು.

ಅವ್ವ ಊಟ ಬಿಟ್ಟಿದ್ದಾಳೆ. ಮರಿಗಳನ್ನು ತೊಳೆದು, ತಾಯಿಯ ಹಾಲನ್ನೇ ಮೈಗೆ ಸವರಿ ಮತ್ತೆ ಮತ್ತೆ ಹಿಡಿಯುತ್ತಾಳೆ. ಕೆಲವನ್ನು ತಾಯಿಕುರಿಗಳು ಸೇರಿಸಿಕೊಂಡವು. ಒಂದು ನಿನ್ನೆ ಸತ್ತಿತು. "ನನ್ನ ಬಾಯಿಗೆ ಮಣ್ಣ್ ಬೀಳ" ಎನ್ನುವುದೊಂದೇ ಅವಳ ಮಾತು.

ಅಕ್ಕ, ಭಾವನೇ ಬಂದು ನಿಜ ಹೇಳಲಿ. ಅಪ್ಪನ ಆಣೆಯನ್ನು ಇವತ್ತಿನವರೆಗೆ ಉಳಿಸಿಕೊಂಡಿದ್ದೇನೆ. ಎಷ್ಟು ದಿನ ಇಟ್ಟುಕೊಳ್ಳುತ್ತೇನೋ ಗೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೂ ಕೂಸಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ತಂಗಿ,
ಕೀರ್ತನಾ

ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಆ ಗಂಟು ಕಟ್ಟಿದ್ದು ನಿನ್ನ ಸೀಮಂತದ ಹಸಿರು ಸೀರೆಯ ಅರ್ಧದಲ್ಲಿ. ಅಂಚಿನ ಮೇಲೆ ಅರಿಶಿನದ ಕಲೆ ಇನ್ನೂ ಇತ್ತು. ಜೀಪಿನಲ್ಲಿದ್ದ ಅರಣ್ಯದ ಸಾಹೇಬರು ಬಿಡಿಸಿ ಹಿಡಿದು, "ಯಾರದು ಇದು?" ಅಂದರು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದು, "ನಂದೇ ಸ್ವಾಮಿ, ಹಳೇ ಸೀರೆ" ಅಂದುಬಿಟ್ಟಳು. ನಾಡಿದ್ದು ಗುರುವಾರ ಅವಳನ್ನೂ ವಿಚಾರಣೆಗೆ ಕರೆದಿದ್ದಾರೆ. ಭಾವ ಕೇಳದೆ ತೆಗೆದುಕೊಂಡರಾ, ನೀನೇ ಹರಿದು ಕೊಟ್ಟೆಯಾ? ಅವ್ವ ಈ ಮಾತನ್ನು ಎಂದೂ ಕೇಳುವುದಿಲ್ಲ. ಅವಳು ಹೊರಡುವ ಮೊದಲು ನನಗೆ ಗೊತ್ತಾಗಬೇಕು, ಅಕ್ಕ.